ಯಂತ್ರಗಳು ಉಳಿಸಿದ ಸಮಯ ಯಾರ ಪಾಲಾಯಿತು?

ಮಸಿಕುಡಿಕೆ (ಚರ್ಚೆ ಆರಂಭಿಸಿದವರು)

ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎರಡು ಮಾತು ಹೇಳಿದ್ದರು. ಮುಂದುವರಿದ ದೇಶಗಳ ಜೀವನಮಟ್ಟ ನೂರು ವರ್ಷಗಳಲ್ಲಿ ನಾಲ್ಕರಿಂದ ಎಂಟು ಪಟ್ಟು ಏರುತ್ತದೆ ಎಂಬುದು ಮೊದಲನೆಯದು. ಆ ಹೊತ್ತಿಗೆ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂಬುದು ಎರಡನೆಯದು. ಮೊದಲ ಮಾತು ಬಹುಮಟ್ಟಿಗೆ ನಿಜವಾಯಿತು. ಎರಡನೆಯದು ಯಾವ ದೇಶದಲ್ಲಿಯೂ ನಿಜವಾಗಲಿಲ್ಲ, ಮತ್ತು ಅವರು ಕೊಟ್ಟ ಗಡುವು ಮುಗಿಯಲು ಇನ್ನು ಕೆಲವೇ ವರ್ಷಗಳಿವೆ.

ರಾಜಕೀಯ, ಅಸಮಾನತೆ, ತಂತ್ರಜ್ಞಾನ, ಬದುಕಿನ ಗುಣಮಟ್ಟ ಎಂಬ ನಾಲ್ಕು ವಿಷಯಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಚರ್ಚಿಸುತ್ತೇವೆ. ಈ ನಾಲ್ಕೂ ಕೂಡುವ ಜಾಗ ಮನುಷ್ಯನ ಸಮಯ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಟ್ಟೆ ಒಗೆಯುವ ಯಂತ್ರ, ಗಣಕಯಂತ್ರ, ಕೈಯಲ್ಲಿರುವ ಫೋನು, ಈಗ ಬರವಣಿಗೆಯನ್ನೂ ಮಾಡಿಕೊಡುವ ಕೃತಕ ಬುದ್ಧಿಮತ್ತೆ, ಇವೆಲ್ಲವೂ ನಮ್ಮ ಸಮಯ ಉಳಿಸುವ ಭರವಸೆಯೊಂದಿಗೆ ಬಂದವು, ಮತ್ತು ಸಮಯ ಉಳಿದದ್ದು ಸುಳ್ಳಲ್ಲ. ಆದರೆ ಹಾಗೆ ಉಳಿದ ಗಂಟೆಗಳು ಹಂಚಿಕೆಯಾದ ರೀತಿಯನ್ನು ನೋಡಿದರೆ, ತನ್ನ ದಿನವನ್ನು ತಾನೇ ನಿರ್ಧರಿಸುವ ಶಕ್ತಿ ಇದ್ದವರಿಗೆ ಬಿಡುವು ಸಿಕ್ಕಿತು, ಆ ಶಕ್ತಿ ಇಲ್ಲದವರ ದಿನ ಇನ್ನಷ್ಟು ಬಿಗಿಯಾಯಿತು.

ಹೀಗಾಗಿ ಒಂದು ಹೊಸ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಅದು ಯಾರ ಗಂಟೆಯನ್ನು ಉಳಿಸಿತು, ಯಾರ ಗಂಟೆಯನ್ನು ತೆಗೆದುಕೊಂಡಿತು ಎಂದು ಕೇಳುವುದೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಏಕೆ ಒಪ್ಪುವುದಿಲ್ಲ ಎಂಬುದನ್ನು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯಕಡತ

ಮಸಿಕುಡಿಕೆ ಅವರ ಪ್ರಶ್ನೆ ಸರಿಯಾದದ್ದು, ಆದರೆ ಚಿತ್ರಕ್ಕೆ ಒಂದು ಭಾಗವನ್ನು ಸೇರಿಸಬೇಕು. ದುಡಿಮೆಯ ಅವಧಿ ಇಳಿಯಲೇ ಇಲ್ಲ ಎನ್ನುವಂತಿಲ್ಲ. 1870ರ ಸುಮಾರಿಗೆ ಕೈಗಾರಿಕೆ ಬೆಳೆದಿದ್ದ ದೇಶಗಳಲ್ಲಿ ಒಬ್ಬ ಕಾರ್ಮಿಕ ವರ್ಷಕ್ಕೆ 3000 ಗಂಟೆಗಳ ಆಸುಪಾಸಿನಲ್ಲಿ ದುಡಿಯುತ್ತಿದ್ದ. ಇಂದು ಅವುಗಳಲ್ಲಿ ಹಲವು ದೇಶಗಳಲ್ಲಿ ಅದು ಸುಮಾರು ಅರ್ಧಕ್ಕೆ ಬಂದಿದೆ. ನಾವು ಗಮನಿಸಬೇಕಾದದ್ದು ಅದು ಇಳಿದ ಬಗೆಯನ್ನು.

ಉಗಿಯಂತ್ರದ ಜವಳಿ ಗಿರಣಿಗಳು ತಮ್ಮ ಕಾಲದ ಅತ್ಯಂತ ಮುಂದುವರಿದ ತಂತ್ರಜ್ಞಾನವಾಗಿದ್ದವು. ಅಲ್ಲಿ ದುಡಿಮೆಯ ದಿನ ಚಿಕ್ಕದಾಗುವ ಬದಲು ಹನ್ನೆರಡು, ಹದಿಮೂರು ಗಂಟೆಗಳಿಗೆ ಬೆಳೆಯಿತು, ಮಕ್ಕಳನ್ನೂ ಅದರೊಳಗೆ ಎಳೆದುಕೊಂಡಿತು. ಕಾರಣ ಸರಳವಾಗಿದೆ: ದುಬಾರಿ ಯಂತ್ರ ಸುಮ್ಮನೆ ನಿಂತರೆ ಮಾಲೀಕನಿಗೆ ನಷ್ಟ, ಆದ್ದರಿಂದ ಯಂತ್ರ ಓಡುವಷ್ಟು ಹೊತ್ತೂ ಅದರ ಮುಂದೆ ಮನುಷ್ಯ ನಿಂತಿರಬೇಕು, ಅನಿಲದ ದೀಪ ಬಂದ ಮೇಲೆ ಸೂರ್ಯ ಮುಳುಗುವುದೂ ಕೆಲಸ ನಿಲ್ಲಿಸಲು ನೆಪವಾಗಿ ಉಳಿಯಲಿಲ್ಲ. ಬ್ರಿಟನ್ನಿನಲ್ಲಿ ಗಿರಣಿಗಳ ಮಹಿಳೆಯರಿಗೆ ಮತ್ತು ಹದಿಹರೆಯದವರಿಗೆ ಹತ್ತು ಗಂಟೆಯ ಮಿತಿ ಬಂದದ್ದು 1847ರ ಕಾನೂನಿನಿಂದ, ಹೊಸ ಮಗ್ಗದಿಂದಲ್ಲ.

ಇದರ ಪಕ್ಕದಲ್ಲಿ ಮೆಲ್ಬರ್ನ್ ನಗರದ ಕಲ್ಲುಕುಟಿಗರನ್ನು ಇಟ್ಟು ನೋಡಿ. ಅವರು 1856ರ ಏಪ್ರಿಲ್ 21ರಂದು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟು, ಕೂಲಿ ಕಡಿಮೆಯಾಗದಂತೆ ಎಂಟು ಗಂಟೆಯ ದಿನವನ್ನು ಪಡೆದರು. ಅವರ ಕೈಯಲ್ಲಿ ಇದ್ದದ್ದು ಹಿಂದಿನ ತಲೆಮಾರುಗಳಲ್ಲಿ ಇದ್ದ ಉಳಿ, ಸುತ್ತಿಗೆಗಳೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಅಂಗೀಕರಿಸಿದ ತನ್ನ ಮೊಟ್ಟಮೊದಲ ಒಪ್ಪಂದವೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು ಕುರಿತದ್ದು. ಫ್ರಾನ್ಸಿನ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಸಿಕ್ಕಿದ್ದು 1936ರ ದೊಡ್ಡ ಮುಷ್ಕರಗಳ ಬೆನ್ನಿಗೆ.

ಯಂತ್ರ ಬಿಡುವನ್ನು ಸಾಧ್ಯವಾಗಿಸುತ್ತದೆ, ಆದರೆ ಅದನ್ನು ತಾನಾಗಿ ಕೊಡುವುದಿಲ್ಲ. ಕೊಡಿಸಿದ್ದು ಪ್ರತಿ ಸಲವೂ ಸಂಘಟಿತ ಬೇಡಿಕೆ ಮತ್ತು ಕಾನೂನು. ಈ ಕಾರಣಕ್ಕೆ ಇದನ್ನು ತಂತ್ರಜ್ಞಾನದ ಪ್ರಶ್ನೆ ಎಂದು ಕರೆಯುವುದಕ್ಕೆ ನನಗೆ ಮನಸ್ಸಿಲ್ಲ. ಇದು ಮೊದಲಿನಿಂದ ಕೊನೆಯವರೆಗೆ ರಾಜಕೀಯದ ಪ್ರಶ್ನೆ.

ಕಡಲಹಕ್ಕಿ

ನಾನು ಒಪ್ಪುವುದಿಲ್ಲ, ಮತ್ತು ಏಕೆ ಎಂದು ಹೇಳುತ್ತೇನೆ.

ಸಮಯವನ್ನು ಗಂಟೆಗಳಲ್ಲಿ ಮಾತ್ರ ಏಕೆ ಎಣಿಸಬೇಕು? ಜಗತ್ತಿನ ಸರಾಸರಿ ಆಯುಷ್ಯ 1950ರಲ್ಲಿ ಸುಮಾರು 46 ವರ್ಷ ಇತ್ತು; ಇಂದು 70 ದಾಟಿದೆ. ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಮಕ್ಕಳ ಸಂಖ್ಯೆ 1990ರಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚಿತ್ತು, 2022ರಲ್ಲಿ ಅದು ಮೊದಲ ಬಾರಿಗೆ 50 ಲಕ್ಷಕ್ಕಿಂತ ಕೆಳಗಿಳಿಯಿತು. ಸಿಡುಬು ಭೂಮಿಯ ಮೇಲೆ ಇಲ್ಲ ಎಂದು 1980ರಲ್ಲಿ ಘೋಷಿಸಲಾಯಿತು. ಲಸಿಕೆ, ಶುದ್ಧ ನೀರು, ಒಳಚರಂಡಿ, ರಸಗೊಬ್ಬರ ಇವೆಲ್ಲ ತಂತ್ರಜ್ಞಾನವೇ. ಒಬ್ಬ ಸಾಮಾನ್ಯ ಮನುಷ್ಯನಿಗೆ ಎರಡು ದಶಕಗಳಿಗೂ ಹೆಚ್ಚಿನ ಬದುಕನ್ನು ಸೇರಿಸಿಕೊಟ್ಟ ಸಂಗತಿಯನ್ನು ಬದಿಗಿಟ್ಟು, ವಾರದ ಲೆಕ್ಕದಲ್ಲಿ ಕೆಲವು ಗಂಟೆ ಎಲ್ಲಿ ಹೋಯಿತು ಎಂದು ಹುಡುಕುವುದು ನ್ಯಾಯವಲ್ಲ.

ಎರಡನೆಯದಾಗಿ, ಕೇನ್ಸ್ ಅವರ ಕಾಲದ ಜೀವನಮಟ್ಟ ಸಾಕು ಎನ್ನುವವನಿಗೆ ಇಂದಿಗೂ ಕಡಿಮೆ ದುಡಿಮೆ ಸಾಕಾಗಬಹುದು. ಆದರೆ ಜನ ಹಾಗೆ ಬಯಸಲಿಲ್ಲ. ಮಕ್ಕಳಿಗೆ ಉತ್ತಮ ಶಿಕ್ಷಣ, ತಂದೆ ತಾಯಿಗೆ ಒಳ್ಳೆಯ ಚಿಕಿತ್ಸೆ, ದೂರದ ಊರಿಗೆ ಪ್ರಯಾಣ ಬೇಕೆಂದು ತಾವೇ ಹೆಚ್ಚು ದುಡಿಯಲು ಒಪ್ಪಿದರು. ಅದನ್ನು ಕಳ್ಳತನ ಎಂಬಂತೆ ಬಣ್ಣಿಸಿದರೆ ಕೋಟ್ಯಂತರ ಜನರ ಸ್ವಂತ ತೀರ್ಮಾನವನ್ನು ಅವಮಾನಿಸಿದಂತಾಗುತ್ತದೆ.

ಮಸಿಕುಡಿಕೆ

ಕಡಲಹಕ್ಕಿ ಅವರೇ, ನೀವು ಹೇಳಿದ ಆಯುಷ್ಯದ ಅಂಕಿಗಳನ್ನು ನಾನು ಕೃತಜ್ಞತೆಯಿಂದಲೇ ಒಪ್ಪುತ್ತೇನೆ. ಆದರೆ ನೀವು ಆರಿಸಿಕೊಂಡ ಉದಾಹರಣೆಗಳನ್ನೇ ಇನ್ನೊಮ್ಮೆ ನೋಡಿ. ಸಿಡುಬಿನ ಲಸಿಕೆ 1796ರಲ್ಲೇ ಇತ್ತು. ರೋಗ ಅಳಿದದ್ದು ವಿಶ್ವ ಆರೋಗ್ಯ ಸಂಸ್ಥೆ 1967ರಲ್ಲಿ ತೀವ್ರ ಕಾರ್ಯಕ್ರಮ ಕೈಗೊಂಡು, ಪರಸ್ಪರ ನಂಬದ ದೇಶಗಳೂ ಕೈಜೋಡಿಸಿ, ದೂರದ ಹಳ್ಳಿಗಳವರೆಗೆ ಲಸಿಕೆಯನ್ನು ಉಚಿತವಾಗಿ ತಲುಪಿಸಿದ ಮೇಲೆ. ಆವಿಷ್ಕಾರಕ್ಕೂ ಹಂಚಿಕೆಗೂ ನಡುವೆ ಒಂದೂಮುಕ್ಕಾಲು ಶತಮಾನಕ್ಕೂ ಹೆಚ್ಚಿನ ಅಂತರವಿತ್ತು. ಆ ಅಂತರದಲ್ಲಿ ಸತ್ತವರು ಯಾರು ಎಂಬುದೇ ನನ್ನ ಪ್ರಶ್ನೆ.

ಜನ ತಾವೇ ಹೆಚ್ಚು ದುಡಿಮೆಯನ್ನು ಆರಿಸಿಕೊಂಡರು ಎಂಬ ಮಾತಿಗೆ ಉತ್ತರ ಕೊಡಲು ನನಗಿಂತ ಅನುಭವ ಇರುವವರು ಇಲ್ಲಿದ್ದಾರೆ.

ಸಂಜೆಬೆಳಕು

ಚರ್ಚೆ ಇಷ್ಟು ದೂರ ಬಂದರೂ ದುಡಿಮೆ ಎಂದರೆ ಸಂಬಳ ಬರುವ ದುಡಿಮೆ ಎಂದೇ ಎಲ್ಲರೂ ತಿಳಿದಿದ್ದೀರಿ. ಮನೆಯೊಳಗಿನ ಗಂಟೆಗಳನ್ನು ಸೇರಿಸಿದರೆ ಚಿತ್ರ ಬೇರೆಯೇ ಆಗುತ್ತದೆ.

ಅಮೆರಿಕದಲ್ಲಿ 1920ರ ದಶಕದಿಂದ 1960ರ ದಶಕದವರೆಗಿನ ಸಮಯದ ದಿನಚರಿಗಳನ್ನು ಸಮಾಜಶಾಸ್ತ್ರಜ್ಞೆ ಜೋಆನ್ ವ್ಯಾನೆಕ್ ಹೋಲಿಸಿ 1974ರಲ್ಲಿ ಪ್ರಕಟಿಸಿದರು. ಆ ನಾಲ್ಕು ದಶಕಗಳಲ್ಲಿ ವಿದ್ಯುತ್ತು, ನಲ್ಲಿ ನೀರು, ಬಟ್ಟೆ ಒಗೆಯುವ ಯಂತ್ರ, ಶೀತಕ ಎಲ್ಲವೂ ಮನೆಗಳಿಗೆ ಬಂದಿದ್ದವು. ಆದರೂ ಹೊರಗೆ ಉದ್ಯೋಗ ಇಲ್ಲದ ಗೃಹಿಣಿಯರ ಮನೆಗೆಲಸ ಆರಂಭದಲ್ಲಿಯೂ ಕೊನೆಯಲ್ಲಿಯೂ ವಾರಕ್ಕೆ 50 ಗಂಟೆಗಳಿಗಿಂತ ಹೆಚ್ಚೇ ಇತ್ತು. ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಇದರ ಕಾರಣವನ್ನು ವಿವರಿಸಿದ್ದಾರೆ. ಸೌದೆ ಒಡೆಯುವುದು, ನೀರು ಹೊರುವುದು ಮುಂತಾಗಿ ಗಂಡಸರು, ಮಕ್ಕಳು, ಆಳುಗಳು ಮಾಡುತ್ತಿದ್ದ ಕೆಲಸಗಳನ್ನು ಯಂತ್ರಗಳು ತೆಗೆದುಹಾಕಿದವು. ಉಳಿದದ್ದೆಲ್ಲ ಒಬ್ಬಳ ಮೇಲೆ ಬಂತು, ಜೊತೆಗೆ ಶುಚಿತ್ವದ ನಿರೀಕ್ಷೆಯೂ ಏರಿತು. ವಾರಕ್ಕೊಮ್ಮೆ ಒಗೆಯುತ್ತಿದ್ದ ಬಟ್ಟೆ ದಿನವೂ ಒಗೆಯುವ ಬಟ್ಟೆಯಾಯಿತು. ಯಂತ್ರ ಪ್ರತಿ ಬಟ್ಟೆಯ ಸಮಯವನ್ನು ಉಳಿಸಿತು, ಅವಳ ದಿನವನ್ನು ಉಳಿಸಲಿಲ್ಲ.

ಇದು ಹಳೆಯ ಮಾತು ಎನ್ನುವವರು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯನ್ನು ನೋಡಬಹುದು. ಜಗತ್ತಿನಲ್ಲಿ ಪ್ರತಿದಿನ 1640 ಕೋಟಿ ಗಂಟೆಗಳ ಆರೈಕೆಯ ಕೆಲಸ ಸಂಬಳವಿಲ್ಲದೆ ನಡೆಯುತ್ತದೆ, ಅದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಮಹಿಳೆಯರು ಮಾಡುತ್ತಾರೆ ಎಂದು ಅದು ಅಂದಾಜಿಸಿದೆ. ನೀರು ತರುವುದಕ್ಕೇ ಮಹಿಳೆಯರು ಮತ್ತು ಹೆಣ್ಣುಮಕ್ಕಳು ದಿನಕ್ಕೆ 20 ಕೋಟಿ ಗಂಟೆ ಕಳೆಯುತ್ತಾರೆ ಎಂದು ಯುನಿಸೆಫ್ 2016ರಲ್ಲಿ ಹೇಳಿತು. ಕೊಳವೆಯಲ್ಲಿ ನೀರು ಹರಿಸುವ ವಿದ್ಯೆ ರೋಮನ್ನರ ಕಾಲದಿಂದ ಗೊತ್ತಿದೆ. ಆದ್ದರಿಂದ ಇಲ್ಲಿ ಕೊರತೆ ಇರುವುದು ಆವಿಷ್ಕಾರದ್ದಲ್ಲ. ಆ 20 ಕೋಟಿ ಗಂಟೆಗಳು ಯಾವ ಬಜೆಟ್ಟಿನ ಯಾವ ಪುಟದಲ್ಲಿಯೂ ನಷ್ಟವಾಗಿ ಕಾಣಿಸುವುದಿಲ್ಲ, ಕೊಳವೆ ಹಾಕುವ ಖರ್ಚು ಮಾತ್ರ ಕಾಣಿಸುತ್ತದೆ. ಕಾಣದ ನಷ್ಟವನ್ನು ತುಂಬಲು ಯಾವ ಸರ್ಕಾರವೂ ಆತುರಪಡುವುದಿಲ್ಲ.

ಕಡಲಹಕ್ಕಿ ಅವರು ಹೇಳುವ ಆಯ್ಕೆಯನ್ನು ಈ ಮಹಿಳೆಯರು ಯಾವಾಗ ಮಾಡಿದರು ಎಂದು ದಯವಿಟ್ಟು ತಿಳಿಸಿ.

ಎರಡನೇಪಾಳಿ

ನಾನು ಮೊಬೈಲ್ ಆ್ಯಪ್ ಮೂಲಕ ಬರುವ ಆರ್ಡರುಗಳನ್ನು ಮನೆಮನೆಗೆ ತಲುಪಿಸುವ ಕೆಲಸ ಮಾಡುತ್ತೇನೆ. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ನನಗೆ ತಿಳಿದ ಮಟ್ಟಿಗೆ ಎಲ್ಲ ಕಡೆಯ ಪದ್ಧತಿಯೂ ಹೆಚ್ಚು ಕಡಿಮೆ ಒಂದೇ.

ಗ್ರಾಹಕರಿಗೆ ಉಳಿಯುವ ಅರ್ಧ ಗಂಟೆ ಎಲ್ಲಿಂದ ಬರುತ್ತದೆ ಎಂದರೆ, ನಮ್ಮಂಥವರು ರಸ್ತೆಯ ಬದಿಯಲ್ಲಿ ಸುಮ್ಮನೆ ನಿಂತು ಕಾಯುವುದರಿಂದ ಬರುತ್ತದೆ. ಆರ್ಡರು ಬಂದ ಕ್ಷಣದಿಂದ ತಲುಪಿಸುವ ಕ್ಷಣದವರೆಗೆ ಮಾತ್ರ ನಮಗೆ ಹಣ. ಅದರ ನಡುವೆ ಕಾಯುವ ಹೊತ್ತು ನಮ್ಮ ಸ್ವಂತ ಬಿಡುವು ಎಂದು ಲೆಕ್ಕವಾಗುತ್ತದೆ. ಆದರೆ ಆ ಬಿಡುವಿನಲ್ಲಿ ನಾನು ಮನೆಗೆ ಹೋಗುವಂತಿಲ್ಲ, ಮಲಗುವಂತಿಲ್ಲ, ಫೋನಿನಿಂದ ಕಣ್ಣು ತೆಗೆಯುವಂತಿಲ್ಲ. ಬಂದ ಆರ್ಡರನ್ನು ಬೇಡವೆಂದರೆ ಮುಂದಿನ ಆರ್ಡರು ತಡವಾಗಿ ಬರುತ್ತದೆ ಎಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಅದು ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ದಾರಿಯೇ ಇಲ್ಲ, ಏಕೆಂದರೆ ಆ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂದು ನಮಗೆ ಯಾರೂ ಹೇಳುವುದಿಲ್ಲ.

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಉಬರ್ ಚಾಲಕರ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮ್ಮಂಥವರಿಗೆ ಬಹಳ ದೊಡ್ಡದು. ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ಕಾನೂನಿನ ರಕ್ಷಣೆಗೆ ಅರ್ಹರಾದ ಕೆಲಸಗಾರರು ಎಂದಷ್ಟೇ ಅಲ್ಲದೆ, ತಮಗೆ ಅನುಮತಿ ಇರುವ ಪ್ರದೇಶದಲ್ಲಿ ಆ್ಯಪ್ ತೆರೆದು ಸವಾರಿಗೆ ಸಿದ್ಧರಾಗಿ ಕಾಯುವ ಸಮಯವೂ ಕೆಲಸದ ಸಮಯವೇ ಎಂಬ ಕೆಳಗಿನ ನ್ಯಾಯಮಂಡಳಿಯ ನಿರ್ಣಯವನ್ನು ಅದು ಎತ್ತಿಹಿಡಿಯಿತು. ತಂತ್ರಜ್ಞಾನದಲ್ಲಿ ಒಂದಿಷ್ಟೂ ಬದಲಾವಣೆ ಆಗಲಿಲ್ಲ. ಗಂಟೆ ಯಾರದ್ದು ಎಂಬ ನಿರ್ಧಾರ ಮಾತ್ರ ಬದಲಾಯಿತು.

ನಾನು ಈ ಕೆಲಸವನ್ನು ಆರಿಸಿಕೊಂಡೆ ಎಂಬುದು ನಿಜ. ನನಗೆ ಎದುರಿಗಿದ್ದ ಇನ್ನೊಂದು ಆಯ್ಕೆ ಕೆಲಸವೇ ಇಲ್ಲದಿರುವುದು.

ಲೆಕ್ಕದಹಾಳೆ

ನಾನು ತಂತ್ರಾಂಶ ಬರೆಯುವವನು, ಸಾರ್ವಜನಿಕ ಸೇವೆಗಳ ಅರ್ಜಿಗಳನ್ನು ಅಂತರ್ಜಾಲಕ್ಕೆ ತರುವ ಯೋಜನೆಗಳಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಒಳಗಿನಿಂದ ಕಂಡದ್ದನ್ನು ಹೇಳಬೇಕು.

ಗ್ರಾಹಕನೇ ಸಾಮಾನು ಎತ್ತಿಕೊಳ್ಳುವ ಅಂಗಡಿಯನ್ನು ಕ್ಲಾರೆನ್ಸ್ ಸಾಂಡರ್ಸ್ ಅಮೆರಿಕದ ಮೆಂಫಿಸ್‌ನಲ್ಲಿ 1916ರಲ್ಲಿ ತೆರೆದರು. ಅಂದಿನಿಂದ ಇಂದಿನವರೆಗೆ ದಕ್ಷತೆ ಎಂದು ಕರೆಸಿಕೊಂಡದ್ದರಲ್ಲಿ ದೊಡ್ಡ ಪಾಲು, ಕೆಲಸವನ್ನು ಸಂಬಳ ಪಡೆಯುವವರ ಕೈಯಿಂದ ಸಂಬಳ ಪಡೆಯದವರ ಕೈಗೆ ವರ್ಗಾಯಿಸುವುದೇ ಆಗಿದೆ. ಅಂಗಡಿಯಲ್ಲಿ ಅದಕ್ಕೆ ಪ್ರತಿಯಾಗಿ ಬೆಲೆಯಾದರೂ ಇಳಿಯಬಹುದು. ಸಾರ್ವಜನಿಕ ಕಚೇರಿಯಲ್ಲಿ ಏನು ಇಳಿಯುತ್ತದೆ? ಹಿಂದೆ ಗುಮಾಸ್ತರು ನಮೂದಿಸುತ್ತಿದ್ದ ವಿವರಗಳನ್ನು ಈಗ ಅರ್ಜಿದಾರರೇ ನಮೂದಿಸುತ್ತಾರೆ, ದಾಖಲೆಗಳನ್ನು ಅವರೇ ಸ್ಕ್ಯಾನ್ ಮಾಡುತ್ತಾರೆ, ಗಾತ್ರ ಹೆಚ್ಚಾಯಿತೆಂದು ತಿರಸ್ಕೃತವಾದರೆ ಅವರೇ ಮತ್ತೆ ಹಾಕುತ್ತಾರೆ. ಯೋಜನೆಯ ಯಶಸ್ಸಿನ ವರದಿಯಲ್ಲಿ ಇಲಾಖೆಗೆ ಉಳಿದ ಸಿಬ್ಬಂದಿ ಗಂಟೆಗಳ ಲೆಕ್ಕ ಇರುತ್ತದೆ. ನಾನು ಕೆಲಸ ಮಾಡಿದ ಯಾವ ಯೋಜನೆಯಲ್ಲಿಯೂ ಅರ್ಜಿದಾರರು ಕಳೆದುಕೊಂಡ ಗಂಟೆಗಳ ಕಾಲಂ ಇರಲಿಲ್ಲ. ಅದನ್ನು ಸೇರಿಸೋಣ ಎಂದು ಕೇಳಿದಾಗ, ಅಳೆಯುವುದು ಕಷ್ಟ ಎಂಬ ಉತ್ತರ ಬಂತು. ಪುಟ ತೆರೆದ ಕ್ಷಣ ಮತ್ತು ಅರ್ಜಿ ಸಲ್ಲಿಕೆಯಾದ ಕ್ಷಣ ಎರಡೂ ನಮ್ಮ ದತ್ತಾಂಶದಲ್ಲಿ ಇದ್ದೇ ಇರುತ್ತವೆ. ಅಳೆಯುವುದು ಕಷ್ಟವೇನೂ ಅಲ್ಲ.

ಇದು ವಿಪರೀತಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ರೋಬೊಡೆಟ್ ಪ್ರಕರಣವಿದೆ. ಅಲ್ಲಿನ ಸರ್ಕಾರ 2016ರಿಂದ, ಸಹಾಯಧನ ಪಡೆಯುತ್ತಿದ್ದವರ ವಾರ್ಷಿಕ ಆದಾಯವನ್ನು ಎರಡು ವಾರಗಳ ಸಮಾನ ಕಂತುಗಳಾಗಿ ಭಾಗಿಸಿ, ಆ ಸರಾಸರಿಯ ಆಧಾರದ ಮೇಲೆ ನೀವು ಹೆಚ್ಚು ಹಣ ಪಡೆದಿದ್ದೀರಿ, ಮರಳಿಸಿ ಎಂಬ ನೋಟಿಸುಗಳನ್ನು ಸ್ವಯಂಚಾಲಿತವಾಗಿ ಕಳುಹಿಸಿತು. ಒಂದು ತಿಂಗಳು ಕೆಲಸ ಸಿಕ್ಕಿ ಇನ್ನೊಂದು ತಿಂಗಳು ಇಲ್ಲದಿದ್ದ ಬಡವರ ಆದಾಯಕ್ಕೆ ಸರಾಸರಿ ಎಂಬುದೇ ಅರ್ಥವಿಲ್ಲದ್ದು. ಲೆಕ್ಕ ತಪ್ಪು ಎಂದು ತೋರಿಸುವ ಹೊಣೆಯನ್ನು ಅವರ ಮೇಲೆಯೇ ಹೊರಿಸಲಾಯಿತು. ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತರಬೇಕಾದವರೂ ಅವರೇ. ಲಕ್ಷಾಂತರ ಜನ ಇದರಲ್ಲಿ ಸಿಲುಕಿದರು. ಆ ವಿಧಾನ ಕಾನೂನುಬಾಹಿರ ಎಂದು 2019ರಲ್ಲಿ ನ್ಯಾಯಾಲಯದಲ್ಲಿ ಸ್ಥಾಪಿತವಾಯಿತು, ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ 2023ರಲ್ಲಿ ಕಟುವಾದ ವರದಿ ಕೊಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನದ ವಿಷಯದಲ್ಲಿ ಸಾವಿರಾರು ಪೋಷಕರನ್ನು ಹೀಗೆಯೇ ವಂಚಕರೆಂದು ಗುರುತಿಸಿದ್ದಕ್ಕೆ 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ಈ ಎರಡೂ ದೇಶಗಳು ಒಳ್ಳೆಯ ಆಡಳಿತಕ್ಕೆ ಹೆಸರಾದವು. ಅಲ್ಲಿಯೇ ಹೀಗಾಯಿತು ಎಂಬುದನ್ನು ನನ್ನ ಸಹೋದ್ಯೋಗಿಗಳಿಗೆ ನಾನು ಪದೇ ಪದೇ ಹೇಳುತ್ತೇನೆ. ಯಂತ್ರ ಒಂದು ಸೆಕೆಂಡಿನಲ್ಲಿ ಹೊರಡಿಸುವ ನೋಟಿಸಿಗೆ ಉತ್ತರಿಸಲು ಒಬ್ಬ ಮನುಷ್ಯನಿಗೆ ಆರು ತಿಂಗಳು ಬೇಕಾಗಬಹುದು. ಈ ಅಸಮತೋಲನಕ್ಕೆ ಬೆಲೆ ಇಲ್ಲದಿರುವವರೆಗೆ ನೋಟಿಸುಗಳು ಹೆಚ್ಚುತ್ತಲೇ ಹೋಗುತ್ತವೆ.

ಬಿಳಿಮೋಡ

ಒಂದೇ ಮಾತು ಸೇರಿಸುತ್ತೇನೆ. ನನ್ನ ಅತ್ತೆಯವರಿಗೆ ಕಣ್ಣು ಮಂಜು. ಅವರ ಬ್ಯಾಂಕು, ಪಿಂಚಣಿ, ಆಸ್ಪತ್ರೆಯ ಸಮಯ ನಿಗದಿ ಎಲ್ಲವೂ ಈಗ ಫೋನಿನಲ್ಲಿ, ಎಂದರೆ ನನ್ನ ಫೋನಿನಲ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಕಾರ 2023ರಲ್ಲಿಯೂ 260 ಕೋಟಿ ಜನರಿಗೆ ಅಂತರ್ಜಾಲ ಇರಲಿಲ್ಲ. ಅಂತರ್ಜಾಲ ಇದ್ದೂ ಬಳಸಲಾಗದವರು ಅದರಲ್ಲಿ ಸೇರಿಲ್ಲ. ಅವರ ಕೆಲಸಗಳು ನಿಲ್ಲುವುದಿಲ್ಲ, ಪಕ್ಕದಲ್ಲಿರುವ ಯಾರೋ ಒಬ್ಬರ ಸಂಜೆಯೊಳಗೆ ಬಂದು ಕೂರುತ್ತವೆ.

ಕಡಲಹಕ್ಕಿ

ಎರಡನೇಪಾಳಿ ಮತ್ತು ಸಂಜೆಬೆಳಕು ಅವರು ಬರೆದದ್ದನ್ನು ಗಂಭೀರವಾಗಿ ಓದಿದ್ದೇನೆ. ಆಯ್ಕೆ ಎಂಬ ಮಾತು ಎಲ್ಲರಿಗೂ ಒಂದೇ ತೂಕದಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ಒಪ್ಪಬೇಕಾಗಿದೆ. ಆದರೂ ನನ್ನ ಮೂಲ ನಿಲುವು ಹಾಗೆಯೇ ಇದೆ. ಲೆಕ್ಕದಹಾಳೆ ಅವರು ವಿವರಿಸಿದ್ದು ಕೆಟ್ಟ ಆಡಳಿತವನ್ನು. ಎಸ್ಟೋನಿಯಾದಲ್ಲಿ ತೆರಿಗೆಯ ನಮೂನೆ ಮೊದಲೇ ತುಂಬಿ ಬರುತ್ತದೆ, ನಾಗರಿಕ ನೋಡಿ ಒಪ್ಪಿಗೆ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಸರ್ಕಾರದ ಒಂದು ಇಲಾಖೆಯ ಬಳಿ ಇರುವ ಮಾಹಿತಿಯನ್ನು ಇನ್ನೊಂದು ಇಲಾಖೆ ಮತ್ತೆ ನಾಗರಿಕನಿಂದ ಕೇಳಬಾರದು ಎಂಬುದು ಅಲ್ಲಿನ ತತ್ವ. ಅದೇ ಗಣಕಯಂತ್ರ, ಅದೇ ಅಂತರ್ಜಾಲ. ತಂತ್ರಜ್ಞಾನವನ್ನು ದೂರುವ ಬದಲು ಇಂಥ ಮಾದರಿಯನ್ನು ಬೇಡೋಣ.

ಲೆಕ್ಕದಹಾಳೆ

ಕಡಲಹಕ್ಕಿ ಅವರೇ, ನೀವು ಕೊಟ್ಟ ಉದಾಹರಣೆಗಿಂತ ಉತ್ತಮವಾದದ್ದು ನನಗೂ ಗೊತ್ತಿಲ್ಲ. ನಾಗರಿಕನ ಸಮಯಕ್ಕೆ ಬೆಲೆಯಿದೆ ಎಂದು ಮೊದಲು ನಿರ್ಧರಿಸಿ, ಆಮೇಲೆ ತಂತ್ರಾಂಶ ಬರೆದದ್ದರಿಂದ ಅಲ್ಲಿ ಹಾಗಾಯಿತು. ನಮ್ಮಿಬ್ಬರ ನಡುವೆ ಈಗ ಇರುವ ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ರಾತ್ರಿದೀಪ

ಶುಶ್ರೂಷಕಿಯಾಗಿ ಕೆಲಸ ಮಾಡುವ ನಾನು ಈ ವಿಷಯವನ್ನು ದೇಹದ ಕಡೆಯಿಂದ ನೋಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜಂಟಿಯಾಗಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ದೀರ್ಘ ದುಡಿಮೆಯ ಕಾರಣದಿಂದ ಉಂಟಾದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ 7 ಲಕ್ಷ 45 ಸಾವಿರ ಜನ ಸತ್ತಿದ್ದಾರೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು. ಆಯುಷ್ಯದ ಅಂಕಿಗಳನ್ನು ಹೇಳುವಾಗ ಇದನ್ನೂ ಪಕ್ಕದಲ್ಲಿ ಬರೆಯಬೇಕು.

ನಮ್ಮ ವಾರ್ಡಿನಲ್ಲಿ ಕಾಗದದ ದಾಖಲೆಗಳು ಹೋಗಿ ಪರದೆ ಬಂದಾಗ ರೋಗಿಯ ಬಳಿ ಹೆಚ್ಚು ಹೊತ್ತು ಇರಬಹುದು ಎಂದು ನಾವೆಲ್ಲ ನಂಬಿದ್ದೆವು. ಔಷಧದ ಗೊಂದಲ ಖಂಡಿತ ಕಡಿಮೆಯಾಯಿತು, ಅದಕ್ಕಾಗಿ ನಾನು ಪರದೆಯನ್ನು ಬಿಟ್ಟುಕೊಡುವುದಿಲ್ಲ. ಆದರೆ ನಮೂದಿಸುವುದು ಸುಲಭವಾದ ಕೂಡಲೇ ನಮೂದಿಸಬೇಕಾದ ವಿವರಗಳ ಸಂಖ್ಯೆ ಬೆಳೆಯಿತು. ವಿಮೆಗೆ ಒಂದು, ಲೆಕ್ಕಪರಿಶೋಧನೆಗೆ ಒಂದು, ಗುಣಮಟ್ಟದ ಸಮಿತಿಗೆ ಒಂದು. ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಸಂಜೆಬೆಳಕು ಅವರು ಬರೆದದ್ದನ್ನು ಓದಿದಾಗ ನಮ್ಮ ವಾರ್ಡನ್ನೇ ವಿವರಿಸಿದ್ದಾರೆ ಅನ್ನಿಸಿತು. ಇದರ ಮೇಲೆ, ಪಾಳಿ ಮುಗಿದ ನಂತರವೂ ಫೋನಿಗೆ ಬರುವ ಸಂದೇಶಗಳು. ಫ್ರಾನ್ಸಿನಲ್ಲಿ 2017ರಿಂದ, ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕು ಎಂಬ ಕಾನೂನಿದೆ. ಅದು ಎಷ್ಟು ಚೆನ್ನಾಗಿ ಪಾಲನೆಯಾಗುತ್ತದೆ ಎಂಬುದು ಬೇರೆ ವಿಷಯ. ಹಕ್ಕಿಗೆ ಒಂದು ಹೆಸರಾದರೂ ಸಿಕ್ಕಿದೆ.

ಸಣ್ಣಉದ್ಯಮ

ಹದಿನಾಲ್ಕು ಜನರ ಮುದ್ರಣಾಲಯ ನಡೆಸುವವನಾಗಿ ಹೇಳುತ್ತೇನೆ: ಮೇಲಿನ ಬಹುಪಾಲು ಮಾತುಗಳಲ್ಲಿ ಮಾಲೀಕ ಎಂದರೆ ದೊಡ್ಡ ಕಂಪನಿ. ನನ್ನಂಥವರಿಗೆ ಯಂತ್ರ ಉಳಿಸಿದ ಗಂಟೆ ನನ್ನ ಬಳಿಯೂ ಉಳಿಯುವುದಿಲ್ಲ, ಪೈಪೋಟಿಯಲ್ಲಿ ದರ ಇಳಿಸಿ ಗ್ರಾಹಕನಿಗೆ ಕೊಡುತ್ತೇನೆ. ನಾನೊಬ್ಬನೇ ವಾರದ ಅವಧಿ ಇಳಿಸಿದರೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತದೆ.

ಐಸ್‌ಲ್ಯಾಂಡ್‌ನಲ್ಲಿ 2015ರಿಂದ 2019ರವರೆಗೆ 2500ಕ್ಕೂ ಹೆಚ್ಚು ನೌಕರರ ವಾರವನ್ನು ಸಂಬಳ ಕಡಿತವಿಲ್ಲದೆ 35, 36 ಗಂಟೆಗೆ ಇಳಿಸಿ ಪ್ರಯೋಗ ನಡೆಸಿದ್ದನ್ನು ನಾನು ಆಸಕ್ತಿಯಿಂದ ಓದಿದ್ದೇನೆ. ಬ್ರಿಟನ್ನಿನಲ್ಲಿ 2022ರಲ್ಲಿ ನಾಲ್ಕು ದಿನದ ವಾರದ ಪ್ರಯೋಗಕ್ಕೆ ಸೇರಿದ 61 ಸಂಸ್ಥೆಗಳಲ್ಲಿ 56 ಅದನ್ನು ಮುಂದುವರಿಸಿದವು ಎಂಬುದೂ ಗೊತ್ತಿದೆ. ಆದರೆ ಐಸ್‌ಲ್ಯಾಂಡ್‌ನಲ್ಲಿ ನಡೆದದ್ದು ಸರ್ಕಾರಿ ವಲಯದಲ್ಲಿ, ಬ್ರಿಟನ್ನಿನಲ್ಲಿ ಸೇರಿದವರು ತಾವಾಗಿ ಮುಂದೆ ಬಂದವರು. ಬಾಗಿಲು ತೆರೆದೇ ಇರಬೇಕಾದ ಉದ್ಯಮಗಳಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಹಳೆಯಕಡತ

ಸಣ್ಣಉದ್ಯಮ ಅವರು ಹೇಳಿದ ಕಷ್ಟವೇ 1919ರಲ್ಲಿ ದೇಶಗಳ ಮಟ್ಟದಲ್ಲಿಯೂ ಇತ್ತು. ಒಂದು ದೇಶ ಮಾತ್ರ ಎಂಟು ಗಂಟೆಯ ನಿಯಮ ಮಾಡಿದರೆ ಪಕ್ಕದ ದೇಶದ ಅಗ್ಗದ ಸರಕು ಬಂದು ಅದನ್ನು ಮುಳುಗಿಸುತ್ತದೆ ಎಂಬ ಭಯದಿಂದಲೇ ಅಂತರರಾಷ್ಟ್ರೀಯ ಒಪ್ಪಂದದ ಅಗತ್ಯ ಬಂತು. ಅದೇ ತರ್ಕ ಒಂದು ಊರಿನ ಎರಡು ಮುದ್ರಣಾಲಯಗಳಿಗೂ ಸಲ್ಲುತ್ತದೆ. ಒಬ್ಬ ಒಳ್ಳೆಯ ಮಾಲೀಕನ ಮನಸ್ಸಿನಿಂದ ಆಗದ ಕೆಲಸ ಎಲ್ಲರಿಗೂ ಒಂದೇ ಆಗಿರುವ ನಿಯಮದಿಂದ ಆಗುತ್ತದೆ, ಮತ್ತು ಆ ನಿಯಮ ನಿಮ್ಮನ್ನು ಕಟ್ಟಿಹಾಕುವುದಕ್ಕಿಂತ ಹೆಚ್ಚಾಗಿ, ಕೈಕೆಳಗಿನವರನ್ನು ಹಿಂಡಿ ದರ ಇಳಿಸುವ ನಿಮ್ಮ ಪ್ರತಿಸ್ಪರ್ಧಿಯಿಂದ ನಿಮ್ಮನ್ನು ರಕ್ಷಿಸುತ್ತದೆ.

ಉಳಿದ ಸಮಯ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಪ್ರಯಾಣ. ವಾಹನ ವೇಗವಾದಂತೆ ಜನ ಪ್ರಯಾಣದ ಹೊತ್ತನ್ನು ಉಳಿಸಿಕೊಳ್ಳುವ ಬದಲು ಇನ್ನೂ ದೂರ ಹೋಗುತ್ತಾರೆ, ಸರಾಸರಿ ದಿನಕ್ಕೆ ಸುಮಾರು ಒಂದು ಗಂಟೆಯ ಪ್ರಯಾಣ ಹಾಗೆಯೇ ಉಳಿಯುತ್ತದೆ ಎಂದು ಸಂಶೋಧಕರಾದ ಯಾಕೋವ್ ಜಹಾವಿ 1970ರ ದಶಕದಲ್ಲಿ, ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದರು. ಆದರೆ ಸರಾಸರಿಯೊಳಗೆ ಅಡಗಿರುವುದನ್ನು ನೋಡಬೇಕು. ನಗರದ ನಡುವೆ ಮನೆ ಕೊಳ್ಳಬಲ್ಲವರು ನಡೆದು ಕಚೇರಿಗೆ ಹೋಗುತ್ತಾರೆ. ಆ ಕಚೇರಿಯನ್ನು ಗುಡಿಸುವವರು ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾರೆ. ವೇಗದ ರಸ್ತೆಗೆ ಹಾಕಿದ ಹಣ ಮತ್ತು ಬಸ್ಸಿಗೆ ಹಾಕಿದ ಹಣ ಬೇರೆ ಬೇರೆ ಜನರ ಗಂಟೆಗಳನ್ನು ಉಳಿಸುತ್ತವೆ.

ಲೆಕ್ಕದಹಾಳೆ

ಕೃತಕ ಬುದ್ಧಿಮತ್ತೆಯ ಮಾತು ಆರಂಭದಲ್ಲಿ ಬಂದು ನಿಂತುಹೋಯಿತು. ನಮ್ಮ ತಂಡದಲ್ಲಿ ಈಗ ತಂತ್ರಾಂಶದ ಮೊದಲ ಕರಡನ್ನು ಅದು ಬರೆಯುತ್ತದೆ. ಮೊದಲು ಎರಡು ದಿನ ಹಿಡಿಯುತ್ತಿದ್ದ ಕೆಲಸ ಕೆಲವೊಮ್ಮೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಉಳಿದ ಒಂದೂವರೆ ದಿನ ಯಾರಿಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮುಂದಿನ ತ್ರೈಮಾಸಿಕದ ಗುರಿಯಲ್ಲಿ ಅದು ಮೊದಲೇ ಸೇರಿಹೋಗಿತ್ತು. ಒಮ್ಮೆ ಗುರಿಯೊಳಗೆ ಸೇರಿದ ಗಂಟೆಯನ್ನು ವಾಪಸು ಕೇಳಿದರೆ ಸೋಮಾರಿ ಎನಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಹೊಸ ಸಾಧನ ಒಳಗೆ ಬರುವ ಮೊದಲೇ, ಅದು ಉಳಿಸುವ ಸಮಯದಲ್ಲಿ ನೌಕರರ ಪಾಲು ಎಷ್ಟು ಎಂದು ಬರವಣಿಗೆಯಲ್ಲಿ ಒಪ್ಪಂದವಾಗಬೇಕು. ಬಂದ ಮೇಲೆ ಕೇಳುವುದು ತೀರ ತಡ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರದೇಶದಲ್ಲಿ 1811ರಲ್ಲಿ ಹೆಣಿಗೆಯ ಯಂತ್ರಗಳನ್ನು ಮುರಿದ ಲಡೈಟರನ್ನು ನಮ್ಮ ಕ್ಷೇತ್ರದಲ್ಲಿ ಮೂರ್ಖರ ಉದಾಹರಣೆಯಾಗಿ ಬಳಸುತ್ತಾರೆ. ಅವರು ಯಂತ್ರ ತಿಳಿಯದವರಲ್ಲ, ಅದರಲ್ಲೇ ಪಳಗಿದ ಕುಶಲಕರ್ಮಿಗಳು. ಕೂಲಿಯ ಇಳಿಕೆ ಮತ್ತು ಕಳಪೆ ಸರಕಿನ ವಿರುದ್ಧ ಅವರು ಮೊದಲು ಕೇಳಿದ್ದು ಕಾನೂನಿನ ರಕ್ಷಣೆಯನ್ನು. ಸಂಸತ್ತು 1812ರಲ್ಲಿ ಕೊಟ್ಟದ್ದು ಯಂತ್ರ ಮುರಿದವರಿಗೆ ಮರಣದಂಡನೆ ವಿಧಿಸುವ ಕಾನೂನನ್ನು. ಮಾತುಕತೆಯ ಮೇಜಿನಲ್ಲಿ ಜಾಗ ಇಲ್ಲದವರ ಕೈಗೆ ಏನು ಉಳಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಮಸಿಕುಡಿಕೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಾನು ಕೇಳಿದ್ದಕ್ಕಿಂತ ಹೆಚ್ಚು ಖಚಿತವಾದ ಒಂದು ಬೇಡಿಕೆ ಇಲ್ಲಿ ರೂಪುಗೊಂಡಿದೆ, ಅದನ್ನು ಮುಂದಿಡುತ್ತೇನೆ.

ರಾಷ್ಟ್ರೀಯ ಆದಾಯವನ್ನು ಅಳೆಯುವ ಪದ್ಧತಿ ರೂಪಿಸಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್ ಅವರೇ, ಆ ಅಳತೆಯಿಂದ ಜನರ ಕ್ಷೇಮವನ್ನು ಊಹಿಸಲಾಗದು ಎಂದು 1934ರಲ್ಲಿ ಅಮೆರಿಕದ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ಎಚ್ಚರಿಸಿದ್ದರು. ಹಾಗಿದ್ದೂ ಸರ್ಕಾರಗಳು ಆದಾಯವನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತವೆ, ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮಯ ಬಳಕೆಯ ಸಮೀಕ್ಷೆಯನ್ನು ಹಲವು ದೇಶಗಳು ಹಲವು ವರ್ಷಗಳಿಗೊಮ್ಮೆ ಮಾತ್ರ ನಡೆಸುತ್ತವೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಯ ಸಮಯ ಒಂದು ಸೂಚಕವಾಗಿ ಈಗಾಗಲೇ ಇದೆ, ಆದ್ದರಿಂದ ಅಳೆಯುವ ವಿಧಾನವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಈ ಸಮೀಕ್ಷೆ ನಿಯಮಿತವಾಗಿ ನಡೆದು, ಆದಾಯದ ವರ್ಗಗಳ ಪ್ರಕಾರ ಪ್ರಕಟವಾಗಬೇಕು. ಮತ್ತು ಪ್ರತಿ ಸಾರ್ವಜನಿಕ ಸೇವೆಯೂ ತಾನು ನಾಗರಿಕರಿಂದ ತೆಗೆದುಕೊಂಡ ಗಂಟೆಗಳನ್ನು ತನ್ನ ಖರ್ಚಿನ ಪಟ್ಟಿಯ ಪಕ್ಕದಲ್ಲಿ ಮುದ್ರಿಸಬೇಕು.

ಸಂಜೆಬೆಳಕು

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಸಮೀಕ್ಷೆಯವರು ಒಂದು ಹೊತ್ತಿಗೆ ಒಂದೇ ಕೆಲಸವನ್ನು ಬರೆದುಕೊಂಡರೆ, ಮಗುವನ್ನು ನೋಡಿಕೊಳ್ಳುತ್ತಾ ಅಡುಗೆ ಮಾಡುವವಳ ಅರ್ಧ ದುಡಿಮೆ ಅಳಿಸಿಹೋಗುತ್ತದೆ. ಒಟ್ಟೊಟ್ಟಿಗೆ ನಡೆಯುವ ಎರಡನೆಯ ಕೆಲಸಕ್ಕೂ ಸಮೀಕ್ಷೆಯಲ್ಲಿ ಕಾಲಂ ಇರಬೇಕು. ಬಿಳಿಮೋಡ ಅವರು ಅತ್ತೆಯವರಿಗಾಗಿ ಫೋನಿನಲ್ಲಿ ಮಾಡುವ ಕೆಲಸವನ್ನು ಬಿಡುವಿನ ವೇಳೆಯ ಫೋನ್ ಬಳಕೆ ಎಂದು ಸೇರಿಸಿಬಿಡುವ ಅಪಾಯವೂ ಇದೆ.

ಎರಡನೇಪಾಳಿ

ನನ್ನದೂ ಒಂದು ಕಾಲಂ. ಕಾಯುವ ಸಮಯವನ್ನು ಬೇರೆಯಾಗಿ ಬರೆದುಕೊಳ್ಳಿ. ಸಂಬಳಕ್ಕಾಗಿ ಕಾದದ್ದು, ಕಚೇರಿಯಲ್ಲಿ ಕಾದದ್ದು, ಆಸ್ಪತ್ರೆಯಲ್ಲಿ ಕಾದದ್ದು, ಬಸ್ಸಿಗಾಗಿ ಕಾದದ್ದು. ಯಾರಿಗಾಗಿ ಕಾದಿರಿ ಎಂಬ ಪ್ರಶ್ನೆಯೂ ಅದರ ಜೊತೆಗೇ ಇರಲಿ.